ಊರವರೆಲ್ಲ ಸೇರಿ ನಡೆದರೆ ಹಾರ್ಟ್ ಅಟ್ಯಾಕ್ ತಡೆಯಬಹುದೇ?

2025ರ ಮೇ, ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯಿಂದ ಮೇಲಿಂದ ಮೇಲೆ ಹೃದಯಾಘಾತದ ಸಾವಿನ ಸುದ್ದಿ ಬಂತು. ಸತ್ತವರಲ್ಲಿ ಹರೆಯದವರೂ ಇದ್ದರು. ಜನ ಹೆದರಿ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ನಸುಕಿನಲ್ಲೇ ಪಾಳಿ ಹಚ್ಚಿದರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಒಂದು ಸಮಿತಿ ಮಾಡಿತು. ಜುಲೈನಲ್ಲಿ ಬಂದ ವರದಿಯಲ್ಲಿ ಕೋವಿಡ್ ಲಸಿಕೆಗೂ ಈ ಸಾವುಗಳಿಗೂ ನಂಟು ಕಾಣಲಿಲ್ಲ. ಕಂಡದ್ದು ಬಿಪಿ, ಶುಗರ್, ತಂಬಾಕು, ಬೊಜ್ಜಿನಂಥ ಹಳೆಯ ಕಾರಣಗಳೇ.

ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಕಟ್ಟೆ ಮೇಲಿನ ಮಾತೂ ಆಗ ಅದೇ ಆಗಿತ್ತು. ಕೆಲವರು ಓಡಿಹೋಗಿ ಇಸಿಜಿ ಮಾಡಿಸಿಕೊಂಡು, "ನಾರ್ಮಲ್ ಐತಿ ಬಿಡ್ರಿ" ಎಂದು ನಿರಾಳರಾದರು. ಇನ್ನು ಕೆಲವರು ಜಿಮ್ ಬಿಟ್ಟರು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ತೀರಿಕೊಂಡಾಗ "ವ್ಯಾಯಾಮ ಜಾಸ್ತಿ ಮಾಡಿದ್ರ ಹಾರ್ಟ್‌ಗೆ ಪೆಟ್ಟು" ಎಂಬ ಹೆದರಿಕೆ ಹುಟ್ಟಿತು. ಅದು ಇನ್ನೂ ಪೂರ್ತಿ ಹೋಗಿಲ್ಲ.

ಹೃದ್ರೋಗ ತಡೆಯಲು ಬೇರೆ ಬೇರೆ ದೇಶಗಳಲ್ಲಿ ಪ್ರಯತ್ನಿಸಿ ನೋಡಿರುವ ಇನ್ನೊಂದು ದಾರಿ ಇದೆ. ಒಂದು ಓಣಿಯವರು, ಒಂದು ಊರಿನವರು ಅಥವಾ ಒಂದು ಸಂಘದವರು ಸೇರಿ ವ್ಯಾಯಾಮ ಮಾಡುವುದು, ಬಿಪಿ-ಶುಗರ್ ಅಳೆಸಿಕೊಳ್ಳುವುದು, ಊಟದ ರೂಢಿ ಬದಲಿಸುವುದು. ಇದನ್ನು ಸಮುದಾಯ ಆಧಾರಿತ ಕಾರ್ಯಕ್ರಮ ಅಂತಾರೆ. ಇದು ಹೇಗೆ ಕೆಲಸ ಮಾಡುತ್ತದೆ, ನಮ್ಮ ಭಾಗದಲ್ಲಿ ಮಾಡಲು ಏನು ಬೇಕು ಎಂದು ಬುಡದಿಂದ ನೋಡೋಣ.

## ಹಾರ್ಟ್ ಅಟ್ಯಾಕ್ ಆದಾಗ ಒಳಗೆ ಏನಾಗುತ್ತದೆ?

ಹೃದಯ ಒಂದು ಸ್ನಾಯು. ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಇಡೀ ಮೈಗೆ ರಕ್ತ ಕಳಿಸುವ ಈ ಸ್ನಾಯುವಿಗೂ ರಕ್ತ ಬೇಕು. ಅದನ್ನು ತಂದುಕೊಡುವ ರಕ್ತನಾಳಗಳು ಹೃದಯದ ಮೇಲ್ಮೈ ಮೇಲೇ ಹರಡಿಕೊಂಡಿವೆ. ಇವುಗಳಿಗೆ ಕರೋನರಿ ರಕ್ತನಾಳ ಎಂದು ಹೆಸರು.

ಬಿಪಿ ಜಾಸ್ತಿ ಇದ್ದರೆ, ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೆ, ಬೀಡಿ-ಸಿಗರೇಟಿನ ಹೊಗೆ ಒಳಗೆ ಹೋಗುತ್ತಿದ್ದರೆ ಈ ನಾಳಗಳ ಒಳಪದರಕ್ಕೆ ಸಣ್ಣ ಸಣ್ಣ ಗಾಯಗಳಾಗುತ್ತವೆ. ಅಲ್ಲಿಂದ ಕೆಟ್ಟ ಕೊಲೆಸ್ಟ್ರಾಲ್ ನಾಳದ ಗೋಡೆಯೊಳಗೆ ಸೇರಿಕೊಳ್ಳುತ್ತದೆ. ಇದಕ್ಕೆ ಹತ್ತಿಪ್ಪತ್ತು ವರ್ಷ ಹಿಡಿಯುತ್ತದೆ. ಆ ಹೊತ್ತಿನಲ್ಲಿ ನೋವೂ ಇರೋದಿಲ್ಲ, ಸುಳಿವೂ ಇರೋದಿಲ್ಲ.

ನಲ್ಲಿಯ ಪೈಪಿನಲ್ಲಿ ಕಸ ಕಟ್ಟಿದ ಹಾಗೆ ನಾಳ ಮೆಲ್ಲಗೆ ಮುಚ್ಚಿಹೋಗಿ ಅಟ್ಯಾಕ್ ಆಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಬಹಳಷ್ಟು ಸಲ ಹಾಗಾಗುವುದಿಲ್ಲ. ಮುಖದ ಮೇಲೆ ಏಳುವ ಕೀವಿನ ಗುಳ್ಳೆಯನ್ನು ನೆನೆಸಿಕೊಳ್ಳಿ. ನಾಳದ ಗೋಡೆಯಲ್ಲೂ ಅಂಥದೇ ಗುಳ್ಳೆ ಎದ್ದಿರುತ್ತದೆ: ಒಳಗೆ ಮೆತ್ತಗಿನ ಕೊಬ್ಬು, ಮೇಲೆ ತೆಳುವಾದ ಪೊರೆ. ಒಂದು ದಿನ ಆ ಪೊರೆ ಒಡೆಯುತ್ತದೆ. ಒಡೆದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ಕೆಲವೇ ನಿಮಿಷಗಳಲ್ಲಿ ನಾಳ ಬಂದ್ ಆಗುತ್ತದೆ. ಅದರ ಮುಂದಿನ ಸ್ನಾಯುವಿಗೆ ರಕ್ತ ಸಿಗದೆ ಅದು ಸಾಯಲು ಶುರುವಾಗುತ್ತದೆ. ಇದೇ ಹಾರ್ಟ್ ಅಟ್ಯಾಕ್.

ನಿನ್ನೆ ಇಸಿಜಿ ನಾರ್ಮಲ್ ಬಂದವರಿಗೆ ಇವತ್ತು ಅಟ್ಯಾಕ್ ಆಗೋದು ಹೇಗೆ ಎಂಬ ಪ್ರಶ್ನೆಗೂ ಇಲ್ಲೇ ಉತ್ತರ ಇದೆ. ಸುಮ್ಮನೆ ಮಲಗಿದ್ದಾಗ ತೆಗೆದ ಇಸಿಜಿ ಆ ಹೊತ್ತಿನ ವಿದ್ಯುತ್ ಬಡಿತವನ್ನು ಮಾತ್ರ ತೋರಿಸುತ್ತದೆ. ಗೋಡೆಯೊಳಗೆ ಅಡಗಿರುವ ಗುಳ್ಳೆ ಅದಕ್ಕೆ ಕಾಣೋದಿಲ್ಲ. ಹಾಗಾಗಿ ಗುಳ್ಳೆ ಬೆಳೆಯಲು ಕಾರಣವಾಗುವ ಬಿಪಿ, ಶುಗರ್, ಕೊಲೆಸ್ಟ್ರಾಲ್, ತಂಬಾಕು, ಹೊಟ್ಟೆಯ ಬೊಜ್ಜನ್ನು ವರ್ಷಗಟ್ಟಲೆ ಹಿಡಿತದಲ್ಲಿ ಇಡಬೇಕು. ಹೀಗೆ ಮಾಡಿದರೆ ಇರುವ ಗುಳ್ಳೆಯ ಪೊರೆಯೂ ಗಟ್ಟಿಯಾಗುತ್ತದೆ, ಒಡೆಯುವ ಸಂಭವ ಕಡಿಮೆಯಾಗುತ್ತದೆ.

52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಎಂಬ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಮೊದಲ ಹಾರ್ಟ್ ಅಟ್ಯಾಕ್‌ನ ಅಪಾಯದಲ್ಲಿ 90 ಪರ್ಸೆಂಟ್‌ನಷ್ಟು ಪಾಲು ನಾವು ಬದಲಿಸಬಹುದಾದ ಒಂಬತ್ತು ಕಾರಣಗಳಿಂದಲೇ ಬರುತ್ತದೆ ಎಂದು ಅದು ತೋರಿಸಿತು. ನಮ್ಮ ದಕ್ಷಿಣ ಏಷ್ಯಾದವರಿಗೆ ಮೊದಲ ಅಟ್ಯಾಕ್ ಸರಾಸರಿ 53ನೇ ವಯಸ್ಸಿಗೇ ಬರುತ್ತದೆ, ಬೇರೆ ಕಡೆಯವರಿಗಿಂತ ಐದಾರು ವರ್ಷ ಮೊದಲು ಎಂದೂ ಅದೇ ಅಧ್ಯಯನ ಹೇಳಿತು. ಮನೆಯಲ್ಲಿ ದುಡಿಯುವವರು ಬೀಳುವ ವಯಸ್ಸು ಅದು. ಮಗಳ ಮದುವೆ, ಮಗನ ಓದು, ಸಾಲದ ಕಂತು ಎಲ್ಲಾ ಬಾಕಿ ಇರುತ್ತವೆ.

## ಡ್ರೈವರ್ ಮತ್ತು ಕಂಡಕ್ಟರ್ ಕಲಿಸಿದ ಪಾಠ

ವ್ಯಾಯಾಮಕ್ಕೂ ಹೃದಯಕ್ಕೂ ಇರುವ ನಂಟು ಮೊದಲು ಸರಿಯಾಗಿ ಕಂಡಿದ್ದು ಬಸ್ಸಿನಲ್ಲಿ. ಜೆರ್ರಿ ಮೋರಿಸ್ ಎಂಬ ವೈದ್ಯರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ನೌಕರರ ಲೆಕ್ಕ ತೆಗೆದು 1953ರಲ್ಲಿ ಪ್ರಕಟಿಸಿದರು. ಡ್ರೈವರ್ ಇಡೀ ದಿನ ಕೂತೇ ಇರುತ್ತಿದ್ದ. ಕಂಡಕ್ಟರ್ ಟಿಕೆಟ್ ಕೊಡಲು ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಿದ್ದ. ಇಬ್ಬರದೂ ಒಂದೇ ಬಸ್ಸು, ಹೆಚ್ಚುಕಡಿಮೆ ಒಂದೇ ಥರದ ಮನೆ, ಒಂದೇ ಥರದ ಸಂಬಳ. ಆದರೂ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆ ಇತ್ತು. ಬಂದರೂ ತಕ್ಷಣ ಸಾಯುವವರು ಇನ್ನೂ ಕಡಿಮೆ. ಡ್ರೈವರುಗಳ ಸೊಂಟದ ಅಳತೆ ಮೊದಲಿನಿಂದಲೇ ಜಾಸ್ತಿ ಇತ್ತಲ್ಲ ಎಂಬ ಅನುಮಾನವನ್ನೂ ಮೋರಿಸ್ ಅವರೇ ಆಮೇಲೆ ಯೂನಿಫಾರ್ಮ್ ಅಳತೆ ತೆಗೆದು ಪರೀಕ್ಷಿಸಿದರು. ಸೊಂಟ ಎಷ್ಟೇ ಇರಲಿ, ಓಡಾಡುವವರಿಗೆ ಅಪಾಯ ಕಡಿಮೆ ಎಂಬುದು ಉಳಿಯಿತು. ವಾಯವ್ಯ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಇರುವ ಹುಬ್ಬಳ್ಳಿಯಲ್ಲಿ, ಆಟೋ, ಟಂಟಂ, ಲಾರಿ ಓಡಿಸಿ ಬದುಕುವವರು ಇಷ್ಟೊಂದು ಜನ ಇರುವ ಊರಲ್ಲಿ, ಈ ಅಧ್ಯಯನವನ್ನು ಎಲ್ಲರೂ ತಿಳಿದಿರಬೇಕು ಎಂದು ನನಗೆ ಅನಿಸುತ್ತದೆ.

ನಡೆದಾಗ ಏನಾಗುತ್ತದೆ? ರಕ್ತ ಜೋರಾಗಿ ಹರಿದಾಗ ನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಎಂಬ ವಸ್ತುವನ್ನು ಬಿಡುತ್ತದೆ. ಅದರಿಂದ ನಾಳ ಸಡಿಲಗೊಂಡು ಅಗಲವಾಗುತ್ತದೆ, ಬಿಪಿ ಇಳಿಯುತ್ತದೆ. ಕೆಲಸ ಮಾಡುತ್ತಿರುವ ತೊಡೆ, ಮೀನಖಂಡದ ಸ್ನಾಯುಗಳು ಇನ್ಸುಲಿನ್‌ಗೆ ಕಾಯದೆ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಊಟವಾದ ಮೇಲೆ ಹತ್ತು-ಹದಿನೈದು ನಿಮಿಷ ನಡೆದರೂ ಶುಗರ್ ಏರುವುದು ಕಡಿಮೆಯಾಗುವುದು ಇದರಿಂದಲೇ. ತಿಂಗಳುಗಟ್ಟಲೆ ರೂಢಿಯಾದರೆ ಹೃದಯ ಕಡಿಮೆ ಬಡಿತದಲ್ಲೇ ಅಷ್ಟೇ ಕೆಲಸ ಮಾಡುತ್ತದೆ.

## ಎಷ್ಟು ನಡೆದರೆ ಸಾಕು?

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕ ಇದು: ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ. ಅಂದರೆ ವಾರದಲ್ಲಿ ಐದು ದಿನ ಅರ್ಧ ಅರ್ಧ ಗಂಟೆ. ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಬೈಠಕ್, ಗೋಡೆಗೆ ಕೈ ಕೊಟ್ಟು ಹೊಡೆಯುವ ದಂಡ, ಕುರ್ಚಿಯಿಂದ ಎದ್ದು ಕೂರುವುದು, ಇಷ್ಟೇ ಸಾಕು. ಗರಡಿ ಮನೆ ನೋಡಿ ಬೆಳೆದ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮಧ್ಯಮ ಶ್ರಮ ಎಂದರೆ ಎಷ್ಟು ಎಂದು ತಿಳಿಯಲು ವಾಚು, ಮೊಬೈಲು ಬೇಕಿಲ್ಲ. ನಡೆಯುತ್ತಾ ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಹಾಡಲು ಆದರೆ ಸ್ವಲ್ಪ ಜೋರಾಗಿ ನಡೆಯಿರಿ. ಮಾತಿಗೇ ಉಸಿರು ಸಾಲದಿದ್ದರೆ ನಿಧಾನ ಮಾಡಿ.

ದಿನಕ್ಕೆ 10,000 ಹೆಜ್ಜೆ ಎಂಬ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಅದು ಬಂದದ್ದು 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರಿನಿಂದ. ವೈದ್ಯರು ಹಾಕಿದ ಲೆಕ್ಕವಲ್ಲ. ಈಚಿನ ಅಧ್ಯಯನಗಳ ಪ್ರಕಾರ 60 ದಾಟಿದವರಿಗೆ 6,000ದಿಂದ 8,000 ಹೆಜ್ಜೆಯಲ್ಲೇ ಬಹುತೇಕ ಲಾಭ ಸಿಕ್ಕಿಬಿಡುತ್ತದೆ. ಈಗ 2,000 ಹೆಜ್ಜೆ ನಡೆಯುವವರು 4,000ಕ್ಕೆ ಏರಿದರೂ ಹೃದಯಕ್ಕೆ ಗೊತ್ತಾಗುತ್ತದೆ. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಿಂದ ಒಂದು ಸ್ಟಾಪ್ ಮೊದಲೇ ಇಳಿದು ನಡೆದದ್ದೂ ಲೆಕ್ಕಕ್ಕೆ ಬರುತ್ತದೆ.

ಹಳ್ಳಿಗಳಲ್ಲಿ ಕೇಳಿಬರುವ ಮಾತು ಬೇರೆ. "ಹೊಲದಾಗ ದುಡಿಯೋರಿಗೆ ಮತ್ಯಾಕ್ರೀ ವಾಕಿಂಗ್?" ನ್ಯಾಯವಾದ ಪ್ರಶ್ನೆ. ನಿಜವಾಗಿ ಮೈಮುರಿದು ದುಡಿಯುವವರಿಗೆ, ಬ್ಯಾಡಗಿ ಕಡೆ ದಿನವಿಡೀ ಮೆಣಸಿನಕಾಯಿ ಬಿಡಿಸುವ ಹೆಣ್ಣುಮಕ್ಕಳಿಗೆ, ಇನ್ನಷ್ಟು ದಣಿಯಿರಿ ಎಂದು ಹೇಳುವುದು ಸರಿಯಲ್ಲ. ಆದರೆ ಎರಡು ವಿಷಯ ಗಮನಿಸಬೇಕು. ಒಂದು, ಹೊಲದ ಕೆಲಸ ವರ್ಷವಿಡೀ ಇರೋದಿಲ್ಲ. ಬಿತ್ತನೆ, ಕಳೆ, ಸುಗ್ಗಿ ಬಿಟ್ಟರೆ ತಿಂಗಳುಗಟ್ಟಲೆ ಬಿಡುವು. ಈಗ ಟ್ರ್ಯಾಕ್ಟರ್ ಇದೆ, ಹೊಲಕ್ಕೆ ಹೋಗಲು ಬೈಕ್ ಇದೆ. ಇನ್ನೊಂದು, ಕೂತು ಮಾಡುವ ಕೆಲಸದಲ್ಲಿ ಬೆನ್ನು, ಕೈ ನೋಯುತ್ತವೆಯೇ ಹೊರತು ಎದೆಬಡಿತ ಏರೋದಿಲ್ಲ. ದಣಿವು ಬೇರೆ, ಹೃದಯಕ್ಕೆ ಸಿಗುವ ವ್ಯಾಯಾಮ ಬೇರೆ. 2022ರ ಹೊತ್ತಿಗೆ ಭಾರತದ ವಯಸ್ಕರಲ್ಲಿ ಅರ್ಧದಷ್ಟು ಜನ, ಹೆಂಗಸರಲ್ಲಂತೂ 57 ಪರ್ಸೆಂಟ್, ಸಾಕಷ್ಟು ಚಟುವಟಿಕೆ ಇಲ್ಲದವರು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ.

## ಒಬ್ಬರೇ ನಡೆಯಬಹುದಲ್ಲ, ಗುಂಪು ಯಾಕೆ?

ಖಂಡಿತ ನಡೆಯಬಹುದು. ಹುಬ್ಬಳ್ಳಿಯ ಉಣಕಲ್ ಕೆರೆ ದಂಡೆ, ನೃಪತುಂಗ ಬೆಟ್ಟ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಆವರಣ, ಗದಗಿನ ಭೀಷ್ಮ ಕೆರೆ, ಬೆಳಗಿನ ಹೊತ್ತು ಎಲ್ಲಾ ಕಡೆ ಜನ ಕಾಣುತ್ತಾರೆ. ಕಷ್ಟ ಇರುವುದು ಮುಂದುವರಿಸುವುದರಲ್ಲಿ. ಜನವರಿಯಲ್ಲಿ ಶುರು ಮಾಡಿದವರು ಯುಗಾದಿ ಹೊತ್ತಿಗೆ ಬಿಸಿಲೆಂದು ಬಿಡುತ್ತಾರೆ. ಜೂನ್‌ನಲ್ಲಿ ಮಳೆ. ನವಲಗುಂದ, ನರಗುಂದ, ರೋಣದ ಎರೆ ನೆಲದಲ್ಲಿ ಮಳೆ ಬಿದ್ದ ಮರುದಿನ ನಾಲ್ಕು ಹೆಜ್ಜೆ ಇಟ್ಟರೆ ಚಪ್ಪಲಿಗೆ ಅಂಗೈ ದಪ್ಪ ಮಣ್ಣು ಮೆತ್ತುತ್ತದೆ. ಆಮೇಲೆ ಕಾಲು ಕೀಳುವುದೇ ಕೆಲಸ. ಒಬ್ಬರೇ ಇದ್ದರೆ ಆ ದಿನ ಬಿಡುತ್ತಾರೆ, ಮರುದಿನವೂ ಬಿಡುತ್ತಾರೆ, ಅಲ್ಲಿಗೆ ಮುಗಿಯಿತು. ಗುಂಪಿದ್ದರೆ ಶಾಲೆಯ ವರಾಂಡದಲ್ಲೋ, ಗುಡಿಯ ಹಾಲ್‌ನಲ್ಲೋ, ಸಮುದಾಯ ಭವನದಲ್ಲೋ ಸೇರಿ ಯೋಗ, ಬೈಠಕ್ ಮಾಡಿ ದಿನ ತಪ್ಪದಂತೆ ನೋಡಿಕೊಳ್ಳಬಹುದು.

ಹೆಣ್ಣುಮಕ್ಕಳ ವಿಷಯದಲ್ಲಿ ಗುಂಪು ಇನ್ನೂ ಮುಖ್ಯ. ಹಳ್ಳಿಯಲ್ಲಿ ಸೊಸೆಯೊಬ್ಬಳು ಒಬ್ಬಳೇ ರಸ್ತೆಯಲ್ಲಿ ಸುಮ್ನೆ ನಡೆದರೆ "ಎಲ್ಲಿಗೆ ಹೊಂಟಿ?" ಎಂದು ಹತ್ತು ಜನ ಕೇಳುತ್ತಾರೆ. ಸ್ತ್ರೀಶಕ್ತಿ ಸಂಘದ ಎಂಟು-ಹತ್ತು ಮಂದಿ ಒಟ್ಟಿಗೆ ಹೊರಟರೆ ಯಾರೂ ಕೇಳೋದಿಲ್ಲ. ಅತ್ತೆಯೂ ಜೊತೆಗೆ ಬಂದರೆ ಇನ್ನೂ ಒಳ್ಳೆಯದು, ಬಿಪಿ ಇರುವುದು ಹೆಚ್ಚಾಗಿ ಆಕೆಗೇ.

ವಾಕಿಂಗ್ ಗುಂಪುಗಳ ಬಗ್ಗೆ ನಡೆದ 42 ಅಧ್ಯಯನಗಳನ್ನು ಒಟ್ಟು ಸೇರಿಸಿ ಇಂಗ್ಲೆಂಡಿನ ಸಂಶೋಧಕರು 2015ರಲ್ಲಿ ಒಂದು ವರದಿ ತಂದರು. ಗುಂಪಿನಲ್ಲಿ ನಡೆದವರ ಮೇಲಿನ ಬಿಪಿ ಸರಾಸರಿ 3.7, ಕೆಳಗಿನದು 3.1 ಪಾಯಿಂಟ್ ಇಳಿದಿತ್ತು. ಬಹುಪಾಲು ಜನ ನಡುವೆ ಬಿಡದೆ ಮುಂದುವರಿಸಿದ್ದರು. ಮೂರ್ನಾಲ್ಕು ಪಾಯಿಂಟ್ ಯಾವ ಲೆಕ್ಕ ಎನ್ನಬೇಡಿ. ಮೇಲಿನ ಬಿಪಿ 5 ಪಾಯಿಂಟ್ ಇಳಿದರೆ ಹಾರ್ಟ್ ಅಟ್ಯಾಕ್, ಲಕ್ವದಂಥ ದೊಡ್ಡ ಅವಘಡಗಳು ಸುಮಾರು 10 ಪರ್ಸೆಂಟ್ ಕಡಿಮೆಯಾಗುತ್ತವೆ. ಬಿಪಿ ಮಾತ್ರೆಗಳ ಬಗ್ಗೆ ಮೂರು ಲಕ್ಷಕ್ಕೂ ಹೆಚ್ಚು ಜನರ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ 2021ರಲ್ಲಿ ಕಂಡುಕೊಂಡ ಸಂಗತಿ ಇದು.

## ನಡಿಗೆಗಿಂತ ದೊಡ್ಡದು ರಿಜಿಸ್ಟರ್

ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ. ಸುಮ್ನೆ ಒಟ್ಟಿಗೆ ನಡೆಯುವ ಗುಂಪಿಗೂ, ಹೃದಯ ಕಾಯುವ ಕಾರ್ಯಕ್ರಮಕ್ಕೂ ಇರುವ ವ್ಯತ್ಯಾಸ ಒಂದು ಬಿಪಿ ಯಂತ್ರ, ಒಂದು ರಿಜಿಸ್ಟರ್ ಮತ್ತು ಆಸ್ಪತ್ರೆಯ ಜೊತೆಗಿನ ನಂಟು.

ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾದ 30 ಗ್ರಾಮೀಣ ಪ್ರದೇಶಗಳಲ್ಲಿ ಬಿಪಿ ಇರುವ 2,645 ಜನರ ಮೇಲೆ ನಡೆದ ಪ್ರಯೋಗವೊಂದು 2020ರಲ್ಲಿ ಪ್ರಕಟವಾಯಿತು. ಅಲ್ಲಿ ಆರೋಗ್ಯ ಕಾರ್ಯಕರ್ತೆಯರು ಮೂರು ತಿಂಗಳಿಗೊಮ್ಮೆ ಮನೆಗೆ ಬಂದು ಬಿಪಿ ನೋಡಿ, ಉಪ್ಪು, ತಂಬಾಕು, ನಡಿಗೆಯ ಬಗ್ಗೆ ಮಾತಾಡಿ, ಹತೋಟಿ ತಪ್ಪಿದವರನ್ನು ಡಾಕ್ಟರ್ ಹತ್ತಿರ ಕಳಿಸುತ್ತಿದ್ದರು. ಎರಡು ವರ್ಷದಲ್ಲಿ ಇವರ ಮೇಲಿನ ಬಿಪಿ ಬೇರೆ ಊರುಗಳವರಿಗಿಂತ 5 ಪಾಯಿಂಟ್ ಹೆಚ್ಚು ಇಳಿಯಿತು.

ಕೇರಳದಲ್ಲಿ ಶುಗರ್ ತಡೆಯಲು 1,007 ಜನರನ್ನು ಸೇರಿಸಿ, ಅವರಲ್ಲೇ ಕೆಲವರಿಗೆ ಮುಂದಾಳತ್ವ ಕೊಟ್ಟು ಗುಂಪು ಮಾಡಿದ್ದರು. ಎರಡು ವರ್ಷದ ನಂತರ ಹೊಸದಾಗಿ ಶುಗರ್ ಬಂದವರು ಗುಂಪಿನಲ್ಲಿ 14.9 ಪರ್ಸೆಂಟ್, ಉಳಿದವರಲ್ಲಿ 17.1 ಪರ್ಸೆಂಟ್. ಇದು ಗುಂಪಿನಿಂದಲೇ ಆಯಿತು ಎಂದು ಖಚಿತವಾಗಿ ಹೇಳುವಷ್ಟು ದೊಡ್ಡ ವ್ಯತ್ಯಾಸವಲ್ಲ. ಕುಡಿತ ಕಡಿಮೆಯಾಯಿತು, ಹಣ್ಣು-ತರಕಾರಿ ಜಾಸ್ತಿಯಾಯಿತು ಎಂಬುದು ಮಾತ್ರ ಕಂಡಿತು. ಮಾತು, ಭೇಟಿಯಿಂದ ರೂಢಿ ಬದಲಾಗುತ್ತದೆ. ಆದರೆ ಅಳತೆ, ಔಷಧ, ಆಸ್ಪತ್ರೆ ಜೊತೆಗೆ ಸೇರಿದಾಗಲೇ ಫಲ ಗಟ್ಟಿಯಾಗಿ ಕಾಣುವುದು ಎಂದು ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಅನಿಸುತ್ತದೆ.

ನಮ್ಮಲ್ಲಿ ಈ ಅಳತೆಯ ಕೆಲಸ ಆಶಾ ಕಾರ್ಯಕರ್ತೆಯರ ಹತ್ತಿರ ಆಗಲೇ ಇದೆ. ಬಿಪಿ, ಶುಗರ್‌ನಂಥ ಅಸಾಂಕ್ರಾಮಿಕ (ಒಬ್ಬರಿಂದ ಒಬ್ಬರಿಗೆ ಹರಡದ) ರೋಗಗಳ ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲಿ ಶುರುವಾಯಿತು. ಅದರಡಿ 30 ವರ್ಷ ದಾಟಿದ ಪ್ರತಿಯೊಬ್ಬರಿಗೂ ಆಶಾಕ್ಕ ಒಂದು ಫಾರ್ಮ್ ತುಂಬುತ್ತಾರೆ. ಅದು ಹೇಗಿರುತ್ತದೆ ಎಂದು ಒಂದು ಉದಾಹರಣೆಯಲ್ಲಿ ನೋಡೋಣ. ಗದಗ ಕಡೆಯ 45 ವರ್ಷದ ರೈತರೊಬ್ಬರು ಎಂದಿಟ್ಟುಕೊಳ್ಳಿ. ವಯಸ್ಸು 40ರಿಂದ 49ರ ನಡುವೆ, ಅದಕ್ಕೆ 2 ಅಂಕ. ದಿನಾ ತಂಬಾಕು ಹಾಕುತ್ತಾರೆ, 2. ದಿನಾ ಕುಡಿಯುವುದಿಲ್ಲ, ಸೊನ್ನೆ. ಟೇಪು ಹಿಡಿದಾಗ ಸೊಂಟ 94 ಸೆಂಟಿಮೀಟರ್, ಗಂಡಸರಿಗೆ 90 ದಾಟಿದರೆ 1. ವಾರಕ್ಕೆ 150 ನಿಮಿಷದ ಚಟುವಟಿಕೆ ಇಲ್ಲ, ಇನ್ನೊಂದು. ತಂದೆಗೆ ಬಿಪಿ ಇತ್ತು, 2. ಒಟ್ಟು 8. ಅಂಕ 4 ದಾಟಿದರೆ ಮೊದಲು ತಪಾಸಣೆಗೆ ಕಳಿಸಬೇಕು ಎಂಬುದು ನಿಯಮ. ಈ ಮನುಷ್ಯನಿಗೆ ಎದೆ ನೋವಿಲ್ಲ, ತಲೆಸುತ್ತಿಲ್ಲ, "ನಾ ಗಟ್ಟಿ ಅದೀನಿ" ಎನ್ನುತ್ತಾನೆ. ಫಾರ್ಮ್ ಮಾತ್ರ ಬೇರೆ ಹೇಳುತ್ತಿದೆ. ಹೆಂಗಸರಿಗೆ ಸೊಂಟದ ಗಡಿ 80 ಸೆಂಟಿಮೀಟರ್.

ಬಿಪಿ ನೋಡುವಾಗಲೂ ಗಡಿಬಿಡಿ ಮಾಡಬಾರದು. ನಡೆದು ಬಂದ ತಕ್ಷಣ, ಚಹಾ ಕುಡಿದ ಕೂಡಲೇ, ತಂಬಾಕು ಬಾಯಲ್ಲಿಟ್ಟುಕೊಂಡು ನೋಡಿದರೆ ತಪ್ಪು ಅಂಕಿ ಬರುತ್ತದೆ. ಐದು ನಿಮಿಷ ಸುಮ್ಮನೆ ಕೂರಬೇಕು. ಬೆನ್ನಿಗೆ ಆಸರೆ, ಕಾಲು ನೆಲದ ಮೇಲೆ, ತೋಳು ಎದೆಯ ಮಟ್ಟಕ್ಕೆ. ಮಾತಾಡಬಾರದು. ಎರಡು ಸಲ ನೋಡಿ ಬರೆದುಕೊಳ್ಳಬೇಕು. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಡಾಕ್ಟರ್ ಹತ್ತಿರ ಹೋಗಬೇಕು.

ರಿಜಿಸ್ಟರ್‌ನಲ್ಲಿ ಹೆಸರು, ತಾರೀಖು, ಬಿಪಿ, ತೂಕ, ಸೊಂಟ, ಮಾತ್ರೆ ತಗೊಂಡಿದ್ದಾರಾ ಇಲ್ವಾ, ಇಷ್ಟು ಇದ್ದರೆ ಆಯಿತು. ಕೊನೆಯ ಕಾಲಂ ಬಹಳ ಮುಖ್ಯ. "ಬಿಪಿ ನಾರ್ಮಲ್ ಬಂತು, ಗುಳಿಗಿ ಬಿಟ್ಟೆ" ಎನ್ನುವವರು ಪ್ರತಿ ಓಣಿಯಲ್ಲೂ ಇದ್ದಾರೆ. ಮಾತ್ರೆ ತಗೊಂಡಿದ್ದಕ್ಕೇ ಅದು ನಾರ್ಮಲ್ ಬಂದದ್ದು. ವಾಕಿಂಗ್ ಶುರು ಮಾಡಿದ್ದೇವೆ ಎಂದು ತಾವೇ ಮಾತ್ರೆ ನಿಲ್ಲಿಸಬಾರದು, ಕಡಿಮೆ ಮಾಡಬೇಕಾದರೆ ಡಾಕ್ಟರೇ ಹೇಳಬೇಕು.

## ಉಪ್ಪು ಇರೋದು ಒಂದೇ ಪಾತ್ರೆಯಲ್ಲಿ

ವ್ಯಾಯಾಮ ಒಬ್ಬೊಬ್ಬರೂ ಮಾಡಬಹುದು, ಉಪ್ಪು ಮಾತ್ರ ಇಡೀ ಮನೆಯದು. ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಒಂದು ಸಣ್ಣ ಚಮಚ.

ನಮ್ಮ ಊಟದ ಬುಡ ಗಟ್ಟಿಯಾಗಿದೆ. ಜೋಳದ ರೊಟ್ಟಿ, ಪುಂಡಿ ಪಲ್ಲೆ, ಮಡಕಿ ಕಾಳು, ಹಸಿ ಮೆಂತ್ಯ, ಮೂಲಂಗಿ, ಸೌತೆಕಾಯಿ, ಇವನ್ನು ಬದಲಿಸುವ ಅಗತ್ಯವೇ ಇಲ್ಲ. ತೊಂದರೆ ಇರುವುದು ತಾಟಿನ ಅಂಚಿನಲ್ಲಿ: ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಕೆಂಪು ಚಟ್ನಿ, ಉಪ್ಪು ಹಾಕಿದ ಮಜ್ಜಿಗೆ. ಸಂಜೆಗೆ ಗಿರಮಿಟ್, ಅದರ ಜೊತೆ ಮಿರ್ಚಿ ಭಜಿ. ಒಂದೊಂದರಲ್ಲೂ ಸ್ವಲ್ಪ ಸ್ವಲ್ಪ ಉಪ್ಪು ಸೇರಿ ಒಂದು ಚಮಚ ಯಾವಾಗ ದಾಟಿತು ಎಂದೇ ಗೊತ್ತಾಗೋದಿಲ್ಲ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಬಿಡಬೇಕಿಲ್ಲ. ಕುಟ್ಟುವಾಗ ಉಪ್ಪು ಅರ್ಧ ಮಾಡಿದರೆ ಎರಡು-ಮೂರು ವಾರದಲ್ಲಿ ನಾಲಿಗೆ ಒಗ್ಗುತ್ತದೆ. ಎಣ್ಣೆಗೆ ಸುಲಭದ ಲೆಕ್ಕ, ತಿಂಗಳಿಗೆ ತಲಾ ಅರ್ಧ ಲೀಟರ್. ನಾಲ್ಕು ಜನರ ಮನೆಗೆ 2 ಲೀಟರ್. ಭಜಿ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬಾರದು.

ಊರಿಗೆ ಊರೇ ಊಟ ಬದಲಿಸಿದ ದೊಡ್ಡ ಉದಾಹರಣೆ ಫಿನ್ಲೆಂಡಿನ ನಾರ್ತ್ ಕರೇಲಿಯಾ ಪ್ರಾಂತ್ಯ. ಅಲ್ಲಿ ದುಡಿಯುವ ವಯಸ್ಸಿನ ಗಂಡಸರು ಹೃದ್ರೋಗದಿಂದ ಸಾಯುವುದು ಜಗತ್ತಿನಲ್ಲೇ ಅತಿ ಹೆಚ್ಚಿನ ಮಟ್ಟದಲ್ಲಿತ್ತು. ಜನರೇ ಸರ್ಕಾರಕ್ಕೆ ಅರ್ಜಿ ಕೊಟ್ಟರು. 1972ರಲ್ಲಿ ಪೆಕ್ಕಾ ಪುಸ್ಕಾ ಎಂಬ ಯುವ ವೈದ್ಯರ ಮುಂದಾಳತ್ವದಲ್ಲಿ ಕೆಲಸ ಶುರುವಾಯಿತು. ಅವರು ಆಸ್ಪತ್ರೆ ಕಟ್ಟುವುದರಿಂದ ಶುರು ಮಾಡಲಿಲ್ಲ. ಮಹಿಳಾ ಸಂಘಗಳ ಜೊತೆ ಸೇರಿ ಬೆಣ್ಣೆ ಕಡಿಮೆ, ತರಕಾರಿ ಜಾಸ್ತಿ ಇರುವ ಅಡುಗೆ ಮಾಡಿ ಊರವರಿಗೆ ಉಣಿಸಿದರು. ಮಾಂಸದ ತಿನಿಸು ಮಾಡುವವರನ್ನು, ಡೇರಿಯವರನ್ನು ಒಪ್ಪಿಸಿದರು. ಹಳ್ಳಿ ಹಳ್ಳಿಗಳ ನಡುವೆ ಯಾರ ಕೊಲೆಸ್ಟ್ರಾಲ್ ಹೆಚ್ಚು ಇಳಿಯುತ್ತದೆ ಎಂದು ಸ್ಪರ್ಧೆ ಇಟ್ಟರು. ಸುಮಾರು 40 ವರ್ಷದಲ್ಲಿ ಆ ವಯಸ್ಸಿನ ಗಂಡಸರ ಹೃದ್ರೋಗದ ಸಾವು 80 ಪರ್ಸೆಂಟ್‌ಗೂ ಹೆಚ್ಚು ಇಳಿಯಿತು. ಎಲ್ಲಾ ಶ್ರೇಯ ಇದೊಂದಕ್ಕೇ ಸಲ್ಲುವುದಿಲ್ಲ, ಆ ಹೊತ್ತಿಗೆ ಒಳ್ಳೆಯ ಔಷಧಗಳೂ ಬಂದಿದ್ದವು, ಇಡೀ ದೇಶದಲ್ಲೇ ಸಾವು ಇಳಿದಿತ್ತು. ಆದರೆ ದಾರಿ ತೋರಿಸಿದ್ದು ಆ ಹಳ್ಳಿಗಳು.

ಚೀನಾದ 600 ಹಳ್ಳಿಗಳಲ್ಲಿ ಸಾಮಾನ್ಯ ಉಪ್ಪಿನ ಬದಲು ಕಾಲುಭಾಗ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪು ಕೊಟ್ಟು ನೋಡಿದರು. ಸುಮಾರು ಐದು ವರ್ಷದಲ್ಲಿ ಲಕ್ವ 14 ಪರ್ಸೆಂಟ್ ಕಡಿಮೆಯಾಯಿತು ಎಂದು 2021ರಲ್ಲಿ ವರದಿ ಬಂತು. ಇಂಥ ಉಪ್ಪು ನಮ್ಮ ಅಂಗಡಿಗಳಲ್ಲೂ ಸಿಗುತ್ತದೆ. ಕಿಡ್ನಿ ತೊಂದರೆ ಇರುವವರು, ಕೆಲವು ಬಿಪಿ ಮಾತ್ರೆ ತಗೊಳ್ಳುವವರು ಡಾಕ್ಟರ್ ಕೇಳದೆ ಬಳಸಬಾರದು.

## ತಂಬಾಕು

ಗುಟ್ಕಾದಲ್ಲಿ ಹೊಗೆ ಇಲ್ಲ, ಹಾಗಾಗಿ ಹೃದಯಕ್ಕೆ ಏನೂ ಆಗೋದಿಲ್ಲ ಎಂಬ ನಂಬಿಕೆ ಇದೆ. ಆದರೆ ತಂಬಾಕಿನಲ್ಲಿರುವ ನಿಕೋಟಿನ್ ಬಾಯಿಂದ ಹೋದರೂ ಎದೆಬಡಿತ, ಬಿಪಿ ಏರಿಸುತ್ತದೆ. ತಿಕ್ಕುವ ತಂಬಾಕು, ಎಲೆ-ಅಡಿಕೆ ಜೊತೆಯ ತಂಬಾಕು, ಹೆಂಗಸರು ಹಲ್ಲಿಗೆ ಹಚ್ಚುವ ಮಿಶ್ರಿ, ಎಲ್ಲದಕ್ಕೂ ಇದೇ ಮಾತು. ಸಿಗರೇಟು ಬಿಟ್ಟು ಒಂದು ವರ್ಷವಾದರೆ ಹೃದ್ರೋಗದ ಹೆಚ್ಚುವರಿ ಅಪಾಯ ಅರ್ಧಕ್ಕೆ ಇಳಿಯುತ್ತದೆ. ಬಿಡಲು ಸಹಾಯ ಬೇಕೆಂದರೆ ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಉಚಿತವಾಗಿ ಫೋನ್ ಮಾಡಬಹುದು.

## ನಮ್ಮೂರಲ್ಲಿ ಶುರು ಮಾಡುವುದು

ಹೊಸದಾಗಿ ಏನನ್ನೂ ಕಟ್ಟಬೇಕಿಲ್ಲ. ಹಳ್ಳಿಗಳಲ್ಲಿ ಆಯುಷ್ಮಾನ್ ಆರೋಗ್ಯ ಮಂದಿರ ಇದೆ, ಅಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಇರುತ್ತಾರೆ. ಹುಬ್ಬಳ್ಳಿ-ಧಾರವಾಡದಂಥ ಊರುಗಳಲ್ಲಿ ಸರ್ಕಾರದ ‘ನಮ್ಮ ಕ್ಲಿನಿಕ್’ಗಳಿವೆ. ರಾಜ್ಯ ಸರ್ಕಾರದ ಗೃಹ ಆರೋಗ್ಯ ಯೋಜನೆಯಲ್ಲಿ 30 ದಾಟಿದವರ ಬಿಪಿ, ಶುಗರ್ ತಪಾಸಣೆ ಮನೆ ಬಾಗಿಲಿಗೇ ಬಂದಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾತ್ರೆ ಪುಕ್ಕಟೆ ಸಿಗುತ್ತದೆ. ಹೆಚ್ಚಿನ ತಪಾಸಣೆಗೆ ಹುಬ್ಬಳ್ಳಿಯ ಕೆಎಂಸಿ-ಆರ್‌ಐ (ಮೊದಲಿನ ಕಿಮ್ಸ್), ಗದಗ ಮತ್ತು ಹಾವೇರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ.

ಹತ್ತು-ಹದಿನೈದು ಜನರ ಗುಂಪು ಸಾಕು. ಸಂಘದ ವಾರದ ಸಭೆ ನಡೆಯುವ ದಿನವನ್ನೇ ಅಳತೆಯ ದಿನ ಮಾಡಿಕೊಳ್ಳಿ, ಯಾರನ್ನೂ ಬೇರೆಯಾಗಿ ಕರೆಯಬೇಕಿಲ್ಲ. ಮೊದಲ ವಾರ ಎಲ್ಲರ ಬಿಪಿ, ಸೊಂಟ, ತೂಕ ಬರೆಸಿ. 10 ನಿಮಿಷದ ನಡಿಗೆಯಿಂದ ಶುರು ಮಾಡಿ ವಾರಕ್ಕೆ ಐದೈದು ನಿಮಿಷ ಏರಿಸಿ. ಶುರುವಿನಲ್ಲಿ, ಕೊನೆಯಲ್ಲಿ ಐದು ನಿಮಿಷ ನಿಧಾನ ನಡಿಗೆ ಇರಲಿ. ಒಮ್ಮೆಲೇ ಓಟಕ್ಕೆ ಇಳಿಯಬಾರದು. ಅಪರೂಪಕ್ಕೆ ವ್ಯಾಯಾಮದ ಹೊತ್ತಲ್ಲೇ ಅಟ್ಯಾಕ್ ಆಗುವುದು ಹೆಚ್ಚಾಗಿ ರೂಢಿ ಇಲ್ಲದವರು ದಿಢೀರನೆ ಜೋರು ಶ್ರಮ ಪಟ್ಟಾಗ. ದಿನಾ ನಡೆಯುವವರಿಗೆ ಈ ಅಪಾಯ ಬಹಳ ಕಡಿಮೆ.

ನಡೆದಾಗ ಎದೆ ಹಿಡಿದಂತಾಗುವವರು, ಮೆಟ್ಟಿಲು ಹತ್ತಿದರೆ ವಿಪರೀತ ಏದುಸಿರು ಬರುವವರು, ಎಂದಾದರೂ ಎಚ್ಚರ ತಪ್ಪಿ ಬಿದ್ದವರು, ಸ್ಟೆಂಟ್ ಹಾಕಿಸಿಕೊಂಡವರು, ಬಿಪಿ 180/110 ದಾಟಿದವರು ಮೊದಲು ಡಾಕ್ಟರ್ ನೋಡಿ ಆಮೇಲೆ ಗುಂಪಿಗೆ ಬರಬೇಕು. ಶುಗರ್ ಮಾತ್ರೆ, ಇನ್ಸುಲಿನ್ ತಗೊಳ್ಳುವವರು ಖಾಲಿ ಹೊಟ್ಟೆಯಲ್ಲಿ ನಡೆಯಬಾರದು. ಶುಗರ್ ತೀರಾ ಇಳಿದರೆ ತಿನ್ನಲು ಜೇಬಲ್ಲಿ ಒಂದು ತುಂಡು ಬೆಲ್ಲ, ಕಾಲಿಗೆ ಸರಿಯಾದ ಚಪ್ಪಲಿ ಅಥವಾ ಬೂಟು ಇರಲಿ.

## ಯಾರಿಗಾದರೂ ಎದೆ ನೋವು ಬಂದರೆ

ಗುಂಪಿನ ಪ್ರತಿಯೊಬ್ಬರಿಗೂ ಇದು ಗೊತ್ತಿರಬೇಕು. ಎದೆಯ ಮಧ್ಯದಲ್ಲಿ ಒತ್ತಿದ ಹಾಗೆ ನೋವು, ಅದು ತೋಳಿಗೆ, ದವಡೆಗೆ, ಬೆನ್ನಿಗೆ ಹರಡುವುದು, ತಣ್ಣನೆಯ ಬೆವರು. ಹೆಂಗಸರಲ್ಲಿ, ಶುಗರ್ ಇರುವವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ಏದುಸಿರು, ವಾಂತಿ ಬಂದಂತೆ ಆಗಬಹುದು. "ಗ್ಯಾಸ್ ಆಗೇತಿ, ಸೋಡಾ ಕುಡಿದ್ರ ಹೋಗ್ತೈತಿ" ಎಂದು ಮಲಗಿಸಬೇಡಿ. ಹೀಗೆ ಕಳೆದುಹೋಗುವ ಮೊದಲ ಒಂದೆರಡು ಗಂಟೆಯೇ ಸ್ನಾಯು ಉಳಿಸಿಕೊಳ್ಳುವ ಹೊತ್ತು. 108ಕ್ಕೆ ಫೋನ್ ಮಾಡಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ತಜ್ಞರಿಗೆ ಕಳಿಸಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಪುಕ್ಕಟೆ ಕೊಡುವ ವ್ಯವಸ್ಥೆ ಇದೆ. ಹೊರಗೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ. ದೊಡ್ಡ ಊರಿನ ದೊಡ್ಡ ಆಸ್ಪತ್ರೆಗೇ ಹೋಗಬೇಕೆಂದು ಎರಡು ಗಂಟೆ ದಾರಿಯಲ್ಲಿ ಕಳೆಯುವ ಮೊದಲು ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆಯಾ ಎಂದು ಇವತ್ತೇ ಕೇಳಿ ತಿಳಿದುಕೊಂಡಿರಿ.

ಮನುಷ್ಯ ಕುಸಿದು ಬಿದ್ದು, ಕರೆದರೂ ಓಗೊಡದೆ, ಸರಿಯಾಗಿ ಉಸಿರಾಡದಿದ್ದರೆ ಒಬ್ಬರು 108ಕ್ಕೆ ಫೋನ್ ಮಾಡಬೇಕು, ಇನ್ನೊಬ್ಬರು ಎದೆ ಒತ್ತಲು ಶುರು ಮಾಡಬೇಕು. ಎದೆಯ ನಟ್ಟನಡುವೆ ಒಂದರ ಮೇಲೊಂದು ಅಂಗೈ ಇಟ್ಟು, ಮೊಣಕೈ ಮಡಚದೆ, ಐದಾರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ. ಕೈ ಸೋತರೆ ಪಕ್ಕದವರು ಮುಂದುವರಿಸಬೇಕು. ಇದನ್ನು ಓದಿ ಕಲಿಯಲು ಆಗೋದಿಲ್ಲ. ನಿಮ್ಮ ಆರೋಗ್ಯ ಕೇಂದ್ರದವರನ್ನು ಒಂದು ಬೆಳಿಗ್ಗೆ ಗುಂಪಿಗೆ ಕರೆಸಿ, ಗೊಂಬೆಯ ಮೇಲೆ ಎಲ್ಲರೂ ಒಂದೊಂದು ಸಲ ಮಾಡಿ ನೋಡಿ.